ಕರೆಪ್ಪ ವಾಸಿ ಮಾಡಿದ ಅಂಬಾಸಡರ್

ಸಂಕೇಶ್ವರದ ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಅಂಗಡಿ ಇಟ್ಟಿರುವ ಕರೆಪ್ಪನಷ್ಟು ಸತ್ಯವಂತನನ್ನು ನಾನು ಕಂಡಿಲ್ಲ. ಅವನಷ್ಟು ತಲೆ ತಿನ್ನುವವನನ್ನೂ ಕಂಡಿಲ್ಲ. ಮೂವತ್ತು ವರ್ಷದಲ್ಲಿ ಒಂದು ಗಾಡಿಗೂ ಅವನು ಸುಳ್ಳು ರೋಗ ಹೇಳಿದವನಲ್ಲ. ಬ್ಯಾಟರಿ ನೆಟ್ಟಗಿದ್ದರೆ "ಚಲೋ ಐತಿ, ಮನಿಗೆ ಹೋಗ್ರಿ" ಎಂದು ಬಂದ ಗಿರಾಕಿಯನ್ನೇ ಓಡಿಸುತ್ತಾನೆ. ಅಂಥವನು ಹನ್ನೊಂದು ವರ್ಷ ಸೋತದ್ದು ನನ್ನ ಗಾಡಿಯೊಂದರ ಮುಂದೆ.

ನನ್ನದು ಅರವತ್ತೆಂಟರ ಮಾಡೆಲ್ಲಿನ ಅಂಬಾಸಡರ್. ಮದುವೆಗಳಿಗೆ ಬಾಡಿಗೆ ಹೋಗುತ್ತದೆ. ಮೆರವಣಿಗೆ ಮುಗಿಸಿ ನಿಂತಿತೆಂದರೆ ಊಟ ಆಗುವುದರೊಳಗೆ ಬ್ಯಾಟರಿ ಖಾಲಿ. ಮೊದಲ ಸಲ ಗೋಕಾಕದಲ್ಲಿ ಹೀಗಾದಾಗ ನಾಚಿಕೆಯಿಂದ ಸತ್ತೇ ಹೋದೆ. ಅವತ್ತು ಹೋಳಿಗೆಗೆ ತುಪ್ಪ ಕಡಿಮೆ ಬಿತ್ತೆಂದು ಎರಡೂ ಕಡೆಯ ಬೀಗರು ಮಾತು ಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಒಟ್ಟಿಗೆ ನೂಕಿದರು. ಇಪ್ಪತ್ತು ಹೆಜ್ಜೆಗೆ ಗಾಡಿ ಚಾಲೂ ಆಯಿತು, ಬೀಗರು ನಕ್ಕರು, ವರ್ಷದೊಳಗೆ ಆ ಮನೆಯಲ್ಲಿ ಅವಳಿ ಜವಳಿ ಹುಟ್ಟಿದವು. ಮುಗಿಯಿತಲ್ಲ! ಮುಂದಿನ ಮದುವೆ ಮೂಡಲಗಿಯಲ್ಲಿ. ನಾನು ಕೈ ಮುಗಿದು ತಪ್ಪೊಪ್ಪಿಕೊಳ್ಳುವ ಮೊದಲೇ ಹಿರಿಯರು ಅಂಗೈಗೆ ಅರಿಷಿಣ ಹಚ್ಚಿಕೊಂಡು ಡಿಕ್ಕಿಯ ಹಿಂದೆ ಸಾಲಾಗಿ ನಿಂತಿದ್ದರು. ಹುಕ್ಕೇರಿಯವರಂತೂ "ನೂಕೋ ಗಾಡಿ ನಿಮ್ಮದ ಏನ್ರಿ?" ಎಂದು ಖಾತ್ರಿ ಮಾಡಿಕೊಂಡೇ ಬುಕ್ ಮಾಡುತ್ತಿದ್ದರು.

ಇದೆಲ್ಲ ಕರೆಪ್ಪನಿಗೆ ಉರಿ. "ಅದು ರೋಗ ಐತ್ರಿ ಅಣ್ಣಾಸಾಹೇಬ್ರ, ಶಾಸ್ತ್ರ ಅಲ್ಲ" ಎಂದು ನನ್ನನ್ನು ಬೈಯುತ್ತಿದ್ದ. ಬ್ಯಾಟರಿಯ ಒಂದು ವಾಯರ್ ಬಿಚ್ಚಿ, ನಡುವೆ ಸಣ್ಣ ಬಲ್ಬು ಸಿಕ್ಕಿಸುತ್ತಿದ್ದ. ಎಲ್ಲ ಬಂದ್ ಇದ್ದಾಗಲೂ ಬಲ್ಬು ಹತ್ತಿದರೆ ಕರೆಂಟನ್ನು ಏನೋ ಕದಿಯುತ್ತಿದೆ ಎಂದರ್ಥ. ನನ್ನ ಗಾಡಿಯಲ್ಲಿ ಬಲ್ಬು ಹತ್ತುತ್ತಲೇ ಇರಲಿಲ್ಲ. ಬಲ್ಬು ಹಿಡಿದು ನಿಲ್ಲುತ್ತಿದ್ದ ಅವನ ಮಗಳು ಸುಜಾತಾ ಒಂದೊಂದು ಸಲ ನಗುತ್ತಿದ್ದಳು, ಅವನು ಅವಳಿಗೂ ಬೈಯುತ್ತಿದ್ದ.

ಈ ವರ್ಷ ಸುಜಾತಾಳಿಗೆ ಕಣಗಲಾ ಊರಿನ ಲಖನನ ಜೊತೆ ಮದುವೆ ಗೊತ್ತಾಯಿತು. ಅವರ ಕಡೆಯವರು ಕೇಳಿದ್ದು ನನ್ನ ಗಾಡಿಯನ್ನೇ. ಕರೆಪ್ಪನಿಗೆ ನಿದ್ದೆ ಹಾರಿಹೋಯಿತು. "ಬ್ಯಾಟ್ರಿ ಕರೆಪ್ಪನ ಮಗಳು ನೂಕಿದ ಗಾಡ್ಯಾಗ ಹೋದ್ರ ಅಂಗಡಿ ಮುಚ್ಚಿ ಮಲಗೂದ ನಾ" ಎಂದ. ನನ್ನ ಕೈಯಲ್ಲಿ ಹುಕ್ಕೇರಿಯವರೆಗೆ ಗಾಡಿ ಓಡಿಸಿ, ವಾಪಸು ಬಂದವನೇ ಎಂಜಿನ್ ಬಿಸಿ ಇರುವಾಗಲೇ ಬಲ್ಬು ಸಿಕ್ಕಿಸಿದ. ಹತ್ತಿತು! ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಟ್ಟು, ಅದು ವಾಪಸು ಹೋಗದಂತೆ ತಡೆಯುವ ಒಂದು ಡಬ್ಬಿ ಇದೆ. ಬಿಸಿಯಾದಾಗ ಅದರ ನಾಲಿಗೆ ಅಂಟಿಕೊಂಡು, ನಿಂತ ಗಾಡಿಯ ಕರೆಂಟೆಲ್ಲ ಹಿಂದಕ್ಕೆ ಹರಿಯುತ್ತಿತ್ತು. ಅವನು ಹನ್ನೊಂದು ವರ್ಷವೂ ಪರೀಕ್ಷೆ ಮಾಡಿದ್ದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ನಾಲಿಗೆಯನ್ನು ಉಜ್ಜಿ, ಸ್ಪ್ರಿಂಗ್ ಬದಲಿಸಿ, ಅಂಗಡಿ ತುಂಬ ಪೇಡೆ ಹಂಚಿದ.

ಮದುವೆಯ ದಿನ ಮಧ್ಯಾಹ್ನ ಮಗಳನ್ನು ಕಳಿಸುವ ಹೊತ್ತು. ಎರಡೂ ಕಡೆಯವರು ಅರಿಷಿಣದ ಕೈ ಮಾಡಿಕೊಂಡು ಹಿಂದೆ ನಿಂತರು. ನಾನು ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಗುರ್ ಎಂದಿತು. ಸೂತಕ ಬಡಿದ ಹಾಗೆ ಎಲ್ಲರೂ ಅರಿಷಿಣದ ಕೈ ಕೆಳಗಿಳಿಸಿದರು.

"ಏನ್ರಿ ಬೀಗರ, ನೂಕಲಾರದ ಗಾಡ್ಯಾಗ ಸೊಸಿನ್ನ ಹೆಂಗ ಕರಕೊಂಡ ಹೋಗೂದ್ರಿ?" ಎಂದು ಲಖನನ ಸೋದರತ್ತೆ ಯಲ್ಲಕ್ಕ ಸೊಂಟಕ್ಕೆ ಕೈ ಇಟ್ಟಳು.

"ರೋಗ ವಾಸಿ ಆಗೇತ್ರಿ ಯಲ್ಲಕ್ಕಾರ" ಎಂದು ಕರೆಪ್ಪ ಎದೆ ಉಬ್ಬಿಸಿ ನನಗೆ ಕೈ ಮಾಡಿದ. "ನಡೀರಿ ನೀವು!"

ಗೇರ್ ಹಾಕಿದೆ. ಗಾಡಿ ಬೆಣ್ಣೆಯ ಹಾಗೆ ಜಾರಿತು. ಕನ್ನಡಿಯಲ್ಲಿ ನೋಡಿದರೆ ಕರೆಪ್ಪನ ಕೈ ಇನ್ನೂ ಮೇಲೆಯೇ ಇತ್ತು, ಮುಖ ಮಾತ್ರ ಕುಸಿದಿತ್ತು. ಮಗಳನ್ನು ಕೂರಿಸಿಕೊಂಡು ಅದು ಇಷ್ಟು ಬೇಗ ಹೋಗುತ್ತದೆಂದು ಪಾಪ, ಅವನಿಗೂ ಗೊತ್ತಿರಲಿಲ್ಲ.

"ನಿಂದರಸ್ರಿ! ನಿಂದರಸ್ರಿ!" ಎಂದು ಓಡಿ ಬಂದ. ಎಂಜಿನ್ ಬಂದ್ ಮಾಡಿಸಿ, ಬಾನೆಟ್ ಎತ್ತಿ ಏನೋ ಮಾಡಿ, ದಢಾರನೆ ಮುಚ್ಚಿದ. ಯಾರ ಮುಖವನ್ನೂ ನೋಡದೆ "ಬ್ಯಾಟ್ರಿ ಇಳದೈತಿ. ನೂಕ್ರಿ" ಎಂದ.

ಮಂದಿ ಹೋ ಎಂದು ಹಿಂದೆ ಮುತ್ತಿತು. ಕರೆಪ್ಪ ಅವರ ಜೊತೆ ಹೋಗದೆ ಮಗಳ ಕಿಟಕಿ ಹಿಡಿದು ನೂಕತೊಡಗಿದ. ನಾನು ಕೀಲಿ ತಿರುಗಿಸಿದೆ. ಇಳಿದ ಬ್ಯಾಟರಿಯಾದರೆ ಕೆಂಪು ದೀಪ ಮಂಕಾಗಿಯಾದರೂ ಹತ್ತಬೇಕು, ಇಲ್ಲಿ ಅದೂ ಇಲ್ಲ. ವಾಯರನ್ನೇ ಬಿಚ್ಚಿದ್ದ. ಹಾಗೆ ಬಿಚ್ಚಿದ ಗಾಡಿ ಬೆಳಗಾವಿವರೆಗೆ ನೂಕಿದರೂ ಚಾಲೂ ಆಗುವುದಿಲ್ಲ. ಗುಟ್ಟು ಬಿಡದೆ ಸ್ಟೇರಿಂಗ್ ಹಿಡಿದೆ.

ನೂಕಿದರು, ನೂಕಿದರು. ಪೇಟೆ ದಾಟಿತು. ಬೀಗರು ಒಬ್ಬೊಬ್ಬರಾಗಿ ಕಟ್ಟೆ ಹಿಡಿದು ಕೂತರು. "ಇಷ್ಟ ದೊಡ್ಡ ಶಾಸ್ತ್ರ ನಮ್ಮ ಊರಾಗ ಯಾರಿಗೂ ಆಗಿಲ್ಲ ನೋಡ್ರಿ!" ಎಂದು ಏದುಸಿರು ಬಿಡುತ್ತ ಯಲ್ಲಕ್ಕ ಹಿಗ್ಗಿದಳು.

ಸುಜಾತಾ ಅಪ್ಪನ ಕೈ ಮೇಲೆ ಕೈ ಇಟ್ಟಳು. "ಅಪ್ಪಾ, ವಾಯರ್ ಬಿಚ್ಚೀದಿ, ಹೌದಿಲ್ಲೋ?"

ಕರೆಪ್ಪ ತಲೆ ಎತ್ತಲಿಲ್ಲ. "ಹೌದವಾ."

"ಹೈವೇ ಬಂತು. ಸಾಕು, ವಾಯರ್ ಹಚ್ಚು."

"ಹಚ್ಚತೇನಿ. ಆ ಬೇವಿನ ಗಿಡದ ತನಕ ಅಷ್ಟ."

ಗಿಡ ಬಂತು. ದಾಟಿತು. ನಾನು ಬ್ರೇಕ್ ಒತ್ತಲಿಲ್ಲ.