ಪೈಪು ಸುತ್ತಿಟ್ಟ ವಾರ

ನಮ್ಮ ಆಸ್ಪತ್ರೆಯ ಕೈತೊಳೆಯುವ ನಲ್ಲಿಗಳ ಮೇಲೆಲ್ಲ ‘ಹನಿ ನೀರೂ ಅಮೂಲ್ಯ’ ಎಂಬ ಸ್ಟಿಕ್ಕರ್ ಇದೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಪರೇಷನ್ ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ವಿಭಾಗ ನನ್ನದು. ಅಲ್ಲಿನ ಆಟೋಕ್ಲೇವ್ ಯಂತ್ರದಿಂದ ಗಾಳಿ ಎಳೆಯುವ ಪಂಪಿಗೆ ತಣ್ಣೀರು ಹರಿಯುತ್ತಲೇ ಇರಬೇಕು. ಹರಿದದ್ದೆಲ್ಲ ನೇರ ಚರಂಡಿಗೆ. ಆ ನೀರನ್ನು ತಣಿಸಿ ಮತ್ತೆ ಬಳಸಲು ಒಂದು ಟ್ಯಾಂಕ್ ಕೊಡಿ ಎಂದು ಎಷ್ಟು ಸಲ ಬರೆದುಕೊಟ್ಟೆನೋ! ಮೇಂಟೆನೆನ್ಸ್ ಮ್ಯಾನೇಜರದು ಒಂದೇ ಉತ್ತರ: “ಪ್ರಪೋಸಲ್ ಕಳ್ಸಿದೀನಿ ಮೇಡಂ, ಅಪ್ರೂವಲ್ ಬರ್ಬೇಕು.” ನನ್ನ ಕಾಗದದ್ದು ಹೋದ ಪುಟ್ಟ ಬಂದ ಪುಟ್ಟ ಕತೆ.

ಕೊನೆಗೆ ದಾರಿ ಕಂಡುಕೊಂಡವಳು ನಮ್ಮ ವಿಭಾಗದ ಆಯಾ. ಯಾದಗಿರಿ ಕಡೆಯವಳು. ಕಾಡುಗೋಡಿಯಲ್ಲಿ ಒಂದೇ ರೂಮಿನ ಬಾಡಿಗೆ ಮನೆ, ದಿನ ಬಿಟ್ಟು ದಿನ ನೀರು. “ಇಷ್ಟ್ ಚಲೋ ನೀರು ಗಟಾರಕ್ಕ ಹೊಂಟೈತಲ್ರೀ ಮೇಡಂ, ನೋಡಾಕ ಆಗವಲ್ದು” ಎಂದು ಪ್ಲಂಬರನ್ನು ಕಾಡಿಸಿ, ಪಂಪಿನಿಂದ ಹಿಂಬದಿಯ ಹಳೆಯ ಸಂಪಿಗೆ ಹಸಿರು ಪೈಪೊಂದನ್ನು ಎಳೆಸಿದಳು. ಟಾಯ್ಲೆಟ್ಟಿಗೆ, ಅಂಗಳ ತೊಳೆಯಲಿಕ್ಕೆ ಆ ನೀರೇ ಸಾಕಾಯಿತು. ಟ್ಯಾಂಕರಿನಿಂದ ತುಂಬಿಸುವ ದೊಡ್ಡ ಸಂಪಿನ ನೀರು ಉಳಿಯತೊಡಗಿತು.

ಅಷ್ಟರಲ್ಲಿ ಆಸ್ಪತ್ರೆಯ ಗುಣಮಟ್ಟ ನೋಡಿ ಅಂಕ ಕೊಡುವ ಆಡಿಟ್ ಬಂತು. ಕಾರಿಡಾರಿನಲ್ಲಿ ಪೈಪು ಬಿದ್ದಿದ್ದರೆ ಅಂಕ ಹೋಗುತ್ತದೆ ಎಂದರು ಮ್ಯಾನೇಜರು. ನಾನು ಜಗಳ ಆಡಬಹುದಿತ್ತು. ಅದು ಬಿಟ್ಟು ಆಯಾಗೆ, “ನಾಲ್ಕು ದಿನ ತೆಗೆದಿಡಮ್ಮ” ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ ಪೈಪು ಸುತ್ತಿಟ್ಟಳು. ಆಡಿಟಿನವರು ಬಂದು ಸ್ಟಿಕ್ಕರುಗಳ ಫೋಟೋ ತೆಗೆದುಕೊಂಡು, ಭೇಷ್ ಎಂದು ಹೋದರು.

ಅವರು ಹೋದ ಮರುದಿನ ಬೆಳಿಗ್ಗೆ ಟ್ಯಾಂಕರ್ ಬರಲಿಲ್ಲ. ಪೈಪಿಲ್ಲದ ದಿನಗಳಲ್ಲಿ ಟಾಯ್ಲೆಟ್ಟಿಗೂ ಅಂಗಳಕ್ಕೂ ಅದರ ನೀರೇ ಹೋಗಿ, ದೊಡ್ಡ ಸಂಪಿನ ತಳ ಕಾಣುತ್ತಿತ್ತು. ಯಂತ್ರ ನಿಂತಿತು. ಶುದ್ಧವಾಗಿದ್ದ ಕೆಲವೇ ಸೆಟ್‌ಗಳನ್ನು ತುರ್ತು ಕೇಸುಗಳಿಗೆ ಇಟ್ಟುಕೊಂಡು, ಉಳಿದ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿದರು. ಮುಂದಕ್ಕೆ ಹೋದವರಲ್ಲಿ ಮೊದಲ ಹೆಸರು ನಮ್ಮ ಆಯಾಳದೇ. ಹರ್ನಿಯಾ. ತಿಂಗಳುಗಟ್ಟಲೆ ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡೇ ಟ್ರೇ ಎತ್ತುತ್ತಿದ್ದಳು. ಮಕ್ಕಳನ್ನು ನೋಡಿಕೊಳ್ಳಲು ಅವಳ ತಾಯಿ ಊರಿಂದ ಬಂದಿದ್ದರು. ಒಂದು ವಾರ ಮಾತ್ರ ಇರುವವರು.

ವಾರ್ಡಿಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಪರೇಷನ್ ಗೌನ್ ತೊಟ್ಟು ಖಾಲಿ ಹೊಟ್ಟೆಯಲ್ಲಿ ಕೂತಿದ್ದಳು.

“ಇವತ್ತು ಆಗಲ್ಲಮ್ಮ. ನೀರಿಲ್ಲ, ಮಿಷಿನ್ ನಿಂತೋಗಿದೆ” ಎಂದೆ.

ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೂ ಸಮಾಧಾನವಾಗುತ್ತಿತ್ತು. ಅವಳು ಕೇಳಿದ್ದೇ ಬೇರೆ.

“ಆಡಿಟ್ನೋರು ನಿನ್ನೆನೇ ಹೋದ್ರಲ್ರೀ ಮೇಡಂ. ಪೈಪ್ ಹಾಕಿಲ್ಲೇನ್ರೀ ಇನ್ನಾ?”

ಯಾರೂ ಹಾಕಿರಲಿಲ್ಲ. ಅವಳು ಹಿಂದಿನ ದಿನ ಅಡ್ಮಿಟ್ ಆಗಿದ್ದಳು. ಅವಳಿಲ್ಲದೆ ಆ ಪೈಪಿನ ನೆನಪು ಒಬ್ಬರಿಗೂ ಬಂದಿರಲಿಲ್ಲ, ಅಷ್ಟೆಲ್ಲ ಕಾಗದ ಬರೆದ ನನಗೂ.

“ತಡೀರಿ, ನಾನೇ ಹಾಕಿ ಬರ್ತೀನಿ” ಎಂದು ಹೊಟ್ಟೆ ಹಿಡಿದುಕೊಂಡು ಮಂಚದಿಂದ ಕಾಲು ಕೆಳಗಿಟ್ಟಳು.