ಗುಡಿಸದೆ ಬಿಟ್ಟ ಬಿಡಾರ

ಮಣಿಪಾಲದಲ್ಲಿ ನಮ್ಮ ಮನೆಯ ಹಿಂದೆ ಎರಡು ಕೋಣೆಯ ಒಂದು ಬಿಡಾರ ಇದೆ. ಅದರ ಬಾಡಿಗೆಯಲ್ಲೇ ನನ್ನ ಊಟ, ಔಷಧಿ. ಬಿಟ್ಟು ಹೋಗುವವರ ಅಡ್ವಾನ್ಸಿನಲ್ಲಿ ಕ್ಲೀನಿಂಗಿನ ಹಣ ಮುರಿದುಕೊಳ್ಳುವುದು ನನ್ನ ಕ್ರಮ. ಹೋಗುವವರು ಒಲೆಯ ಕಟ್ಟೆಯಲ್ಲಿ ಎಣ್ಣೆಜಿಡ್ಡು, ಬಚ್ಚಲಲ್ಲಿ ಕೂದಲು ಬಿಟ್ಟು ಹೋಗುತ್ತಾರೆ. ಅದನ್ನು ತಿಕ್ಕುವವಳಿಗೆ ನಾನು ಯಾಕೆ ಕೈಯಿಂದ ಕೊಡಬೇಕು? ಜನ ನನ್ನನ್ನು ಜಿಪುಣಿ ಎನ್ನುತ್ತಾರೆ. ಎನ್ನಲಿ.

ಒಬ್ಬಳ ಹತ್ತಿರ ಮಾತ್ರ ಮುರಿದುಕೊಳ್ಳಲು ಆಗಲಿಲ್ಲ. ಕಾಪು ಕಡೆಯ ಹೆಂಗಸು. ಗಂಡ ಇಲ್ಲೇ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ. ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಇವಳು ಕಾರ್ಕಳದ ಕುಕ್ಕುಂದೂರಿನಲ್ಲಿ ತನ್ನ ಅಕ್ಕನ ಮನೆಯ ಪಕ್ಕ ಸಣ್ಣದೊಂದು ಬಿಡಾರ ಗೊತ್ತು ಮಾಡಿದಳು. ಅಲ್ಲಿಯ ಧಣಿಗೆ ಕೊಡಲು ನಾನು ವಾಪಸ್ ಕೊಡುವ ಅಡ್ವಾನ್ಸ್ ಬಿಟ್ಟರೆ ಬೇರೆ ಹಣ ಇಲ್ಲ, ಸ್ವಲ್ಪ ಕಡಿಮೆಯಾದರೂ ಅವನು ಬೀಗದ ಕೈ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದಳು.

"ಹಾಗಾದರೆ ಚೊಕ್ಕ ಮಾಡಿ ಬಿಡು," ಎಂದಿದ್ದೆ.

ತಿಂಗಳ ಕೊನೆಯ ದಿನ. ಗಂಡ ಬೆಳಗಾಗುವ ಮೊದಲೇ ಮಂಗಳೂರಿಗೆ ವಿಮಾನ ಹತ್ತಲು ಹೋದ. ಹೊಸದಾಗಿ ಬರುವ ಇಬ್ಬರು ನರ್ಸುಗಳು ಸಂಜೆಗೆ ಬರುತ್ತೇವೆ ಎಂದಿದ್ದರು. ಇವಳ ಸಾಮಾನು ಟೆಂಪೋಗೆ ಏರಿದ ಮೇಲೆ ನಾನು ಹಣ ಸೆರಗಿಗೆ ಕಟ್ಟಿಕೊಂಡು ನೋಡಲು ಹೋದೆ.

ಒಲೆಯ ಕಟ್ಟೆ ಹೊಳೆಯುತ್ತಿತ್ತು. ಬಚ್ಚಲು ತಿಕ್ಕಿ ಆಗಿತ್ತು. ಕಿಟಕಿಯ ಸರಳು, ಫ್ಯಾನಿನ ರೆಕ್ಕೆ ಕೂಡ ಒರೆಸಿದ್ದಳು. ನನ್ನ ಸ್ವಂತ ಮನೆಯ ಫ್ಯಾನು ಅಷ್ಟು ಚೊಕ್ಕ ಇಲ್ಲ. ಆದರೆ ನೆಲ! ಮೇಲಿನಿಂದ ತೆಗೆದ ಜೇಡರ ಬಲೆ, ಧೂಳು, ಹರಿದ ಪೇಪರು, ಹಗ್ಗದ ತುಂಡು ಎಲ್ಲವೂ ಬಿದ್ದಲ್ಲೇ ಬಿದ್ದಿದ್ದವು.

"ಇದೆಂತ ಮಾರಾಯ್ತಿ? ಗುಡಿಸಲಿಕ್ಕೆ ಕೈ ನೋವಾ?"

"ಅವರು ಹೊರಟು ಹೋಗಿದ್ದಾರಲ್ಲ ಅಮ್ಮ. ಮುಟ್ಟಿದ ಸುದ್ದಿ ಬರದೆ ಗುಡಿಸುವುದು ಹೇಗೆ?"

ದೂರಕ್ಕೆ ಹೊರಟವರ ಬೆನ್ನಿಗೇ ನಮ್ಮಲ್ಲಿ ಮನೆ ಗುಡಿಸುವುದಿಲ್ಲ. ಹೆಣ ಎತ್ತಿದ ಮನೆಯನ್ನು ಹಾಗೆ ಗುಡಿಸುತ್ತಾರೆ. ನನಗೇನು ಅದು ಗೊತ್ತಿಲ್ಲದ್ದಲ್ಲ. ಆದರೆ ಗಳಿಗೆ ಹೊತ್ತು ಬಿಟ್ಟು ಎಲ್ಲರೂ ಗುಡಿಸುತ್ತಾರೆ. ದುಬೈ ಮುಟ್ಟುವ ತನಕ ಕಾಯುವವರನ್ನು ನಾನು ಕಂಡಿರಲಿಲ್ಲ.

"ನಿನ್ನೆಯೇ ಗುಡಿಸಬಾರದಿತ್ತಾ?"

"ಗುಡಿಸಿದ್ದೆ. ಮಂಚ, ಕಪಾಟು ಎತ್ತದೆ ಬಲೆ ತೆಗೆಯಲಿಕ್ಕೆ ಆಗ್ತದಾ? ತೆಗೆದದ್ದು ಈಗ."

"ಹಾಗಾದರೆ ಕೆಲಸದವಳು ಗುಡಿಸಲಿ. ಅವಳ ಹಣ ಮುರಿದುಕೊಳ್ತೇನೆ."

ನಮ್ಮ ಕೆಲಸದವಳನ್ನು ಕರೆದೆ. ಅವಳು ಹಿಡಿಸೂಡಿ ತಂದಳು. ಇವಳು ಹೋಗಿ ಹೊಸಿಲಿಗೆ ಅಡ್ಡ ಕೂತಳು.

"ಯಾರು ಗುಡಿಸಿದರೂ ಗುಡಿಸಿದ್ದೇ ಅಲ್ವಾ? ಇವತ್ತಿನ ಬಾಡಿಗೆ ಕೊಟ್ಟಿದ್ದೇನೆ. ಸಂಜೆವರೆಗೆ ಇದು ನನ್ನ ಮನೆ. ಒಳಗೆ ಯಾರೂ ಬರಬೇಡಿ. ಹಣವೂ ಮುರಿಯಬೇಡಿ."

"ನನಗೆ ಬೇಡಪ್ಪ ಆ ಪಾಪ," ಎಂದು ಕೆಲಸದವಳು ಹಿಡಿಸೂಡಿ ಗೋಡೆಗೆ ಒರಗಿಸಿ ಹೋದಳು.

ಇವಳು ಅಳಲಿಲ್ಲ. ಕಾಲು ಹಿಡಿಯಲಿಲ್ಲ. ಅಳುವವರನ್ನು ಕಂಡರೆ ನನಗಾಗದು. ಅತ್ತಿದ್ದರೆ ಖಂಡಿತ ಮುರಿದುಕೊಳ್ಳುತ್ತಿದ್ದೆ. ಇವಳು ಮಡಿಲಲ್ಲಿ ಫೋನಿಟ್ಟುಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಟೆಂಪೋದವನು ಹಾರನ್ ಹೊಡೆದ.

"ಅಕ್ಕ, ಪೆರ್ಡೂರಿಗೆ ಇನ್ನೊಂದು ಬಾಡಿಗೆ ಉಂಟು ನನಗೆ!"

"ಫೋನ್ ಬರಲಿ ಅಣ್ಣ. ವಿಮಾನವನ್ನು ನಾನು ದೂಡಲಿಕ್ಕೆ ಆಗ್ತದಾ?"

ಮಧ್ಯಾಹ್ನ ನಾನು ಊಟಕ್ಕೆ ಕರೆದೆ.

"ಬೇಡ ಅಮ್ಮ. ನಾನು ಎದ್ದರೆ ನೀವು ಗುಡಿಸಿಬಿಡ್ತೀರಿ."

ಸರಿಯಾಗಿಯೇ ಹೇಳಿದಳು. ಗುಡಿಸಿಬಿಡುತ್ತಿದ್ದೆ.

ನಾನು ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗ ಅವಳಿಗೆ ಫೋನು ಬಂತು.

"ಮುಟ್ಟಿದಿರಾ? ಸರಿ. ಇಡಿ, ನನಗೆ ಕೆಲಸ ಉಂಟು."

ಅಷ್ಟೇ. ಸೆರಗು ಸಿಕ್ಕಿಸಿ ಹಿಡಿಸೂಡಿ ಹಿಡಿದಳು. ಮೂಲೆ, ಬಾಗಿಲ ಸಂದು, ಮೆಟ್ಟಿಲು ಯಾವುದನ್ನೂ ಬಿಡಲಿಲ್ಲ. ಗುಡಿಸಿದ ಮೇಲೆ ನೀರು ಹಾಕಿ ಒರೆಸಿ, ಬಕೆಟ್ಟನ್ನು ಕವುಚಿ ಹಾಕಿದಳು. ನಾನು ಮೂಲೆಗಳಲ್ಲಿ ಬೆರಳು ಎಳೆದು ನೋಡಿದೆ. ಏನಾದರೂ ಸಿಗುತ್ತದೋ ಎಂದೇ ಎಳೆದದ್ದು. ಸಿಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಇಡೀ ಹಣ ಕೊಟ್ಟೆ. ಅವಳು ನನ್ನ ಎದುರೇ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಆಮೇಲೆ ಬೀಗದ ಕೈ ಕೊಟ್ಟಳು.

ಟೆಂಪೋದವನು ಕಾದದ್ದಕ್ಕೆ ಬೇರೆ ಹಣ ಕೇಳಿದ.

"ಕಾದದ್ದಕ್ಕಾ? ನಾನೂ ಕಾದಿದ್ದೇನೆ. ನನಗೆ ಯಾರು ಕೊಡ್ತಾರೆ ಅಣ್ಣ?"

ಅವನು ನ್ಯಾಯ ಹೇಳಿ ಎನ್ನುವ ಹಾಗೆ ನನ್ನ ಮುಖ ನೋಡಿದ.

"ಗಾಡಿ ಬಿಡು ಮಾರಾಯ," ಎಂದೆ. "ಇವಳ ಹತ್ತಿರ ನನ್ನಿಂದಲೇ ಆಗಲಿಲ್ಲ."