ಚೆಕಿಂಗ್ ದಿನ ಮುಚ್ಚಿದ್ದ ಗೇಟು

ಆರಂಭದಲ್ಲಿಯೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಕನ್ನಡವನ್ನು ಕ್ರಮವಾಗಿ ಓದಿದ್ದು ಎಂಟನೆಯ ತರಗತಿಯವರೆಗೆ ಮಾತ್ರ. ಅನಂತರದ ಓದೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ ನಡೆಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ ಆದುದರಿಂದ, ಬರೆದದ್ದನ್ನು ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ವಾಕ್ಯ ಎಲ್ಲಾದರೂ ಎಡವಿದ್ದರೆ, ಮೊದಲು ಹೇಳಬೇಕಾದದ್ದು ಕೊನೆಗೆ ಬಂದಿದ್ದರೆ, ಓದುವವರು ದಯವಿಟ್ಟು ಮನ್ನಿಸಬೇಕು.

ನಮ್ಮ ಊರು ಗಡಿಯಾಚೆ, ಹೊಸೂರಿನ ಹತ್ತಿರದ ಸಾನಮಾವು ಕಾಡಿನ ಅಂಚಿನಲ್ಲಿದೆ. ಬಸ್ಸು ಹಿಡಿದು ಹೋದರೆ, ಅಣೆಕಟ್ಟಿನ ಪಕ್ಕದಲ್ಲಿ ಶ್ರೀಲಂಕಾದಿಂದ ಯುದ್ಧದ ಕಾಲದಲ್ಲಿ ಬಂದ ತಮಿಳರ ಶಿಬಿರ ಸಿಗುತ್ತದೆ. ಸರ್ಕಾರ ಈಗ ಅದನ್ನು ಮರುವಸತಿ ಶಿಬಿರವೆಂದು ಕರೆಯುತ್ತದೆ. ನಾವೆಲ್ಲ ಇಂದಿಗೂ ಕ್ಯಾಂಪು ಎನ್ನುತ್ತೇವೆ. ಸುತ್ತಲಿನ ಊರುಗಳ ನಾವು ಕೆಲವರು ಬಿಡುವಿನ ದಿನಗಳಲ್ಲಿ ಅಲ್ಲಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತೇವೆ, ದೊಡ್ಡವರ ಜೊತೆ ಕಚೇರಿಗಳಿಗೆ ಹೋಗುತ್ತೇವೆ. ಅರ್ಜಿ ಬರೆಯುವ ಕೆಲಸ ನನ್ನ ಪಾಲಿನದು.

ಇದಕ್ಕಾಗಿ ಊರಿನ ಟೀ ಅಂಗಡಿಯಲ್ಲಿ ನಾನು ಸಾಕಷ್ಟು ಮಾತು ಕೇಳಿದ್ದೇನೆ. "ಏನ್ಲಾ, ನಮ್ಮೂರ್ ಚರಂಡಿಗೊಂದು ಅರ್ಜಿ ಬರ್ಯಾಕೆ ಪುರುಸೊತ್ತಿಲ್ಲ, ಸಿಲೋನೋರ್ಗೆ ಕೃಷ್ಣಗಿರಿಗಂಟ ಹೋಗ್ತೀಯಂತೆ?" ಎಂದು ಅಂಗಡಿಯವರು ಒಮ್ಮೆ ಎಲ್ಲರೆದುರು ಕೇಳಿದರು. ಚರಂಡಿಯ ಅರ್ಜಿಯನ್ನೂ ನಾನೇ ಬರೆದಿದ್ದೆನೆಂದು ಹೇಳಿದೆ. "ಅದ್ಕೇ ಕಣ್ಲಾ ಚರಂಡಿ ಹಂಗೇ ಐತೆ" ಎಂದರು.

ಕ್ಯಾಂಪಿನಲ್ಲಿ ನನಗೆ ಹೆಚ್ಚು ಪರಿಚಯವಾದವರು ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರಿಗೆ ಒಬ್ಬಳೇ ಮಗಳು. ಹನ್ನೆರಡನೆಯ ತರಗತಿ ಮುಗಿಸಿ ನರ್ಸಿಂಗ್ ಸೀಟು ಪಡೆದಿದ್ದಳು. ಕೆಲಸವಿದ್ದರೆ ಹೇಳೆಂದು ಅಕ್ಕ ಕೇಳಿದಾಗ ನಾನು ನಮ್ಮ ತೋಟಕ್ಕೇ ಬರಲು ಹೇಳಿದೆ. ಹುರುಳಿಕಾಯಿ ಬಿಡಿಸುವುದರಲ್ಲಿ ಅವರ ಕೈ ಚುರುಕು. ಅವರ ತಮಿಳು ಕೇಳಿದಾಗಲೆಲ್ಲ ಅಪ್ಪನಿಗೆ ನಗು. ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುತ್ತಾಳೆ ಎನ್ನುತ್ತಿದ್ದರು. ಅವ್ವ ಮಾತ್ರ ಅವರನ್ನು ಅಡುಗೆಮನೆಯವರೆಗೂ ಬಿಟ್ಟುಕೊಂಡಿದ್ದಳು.

ಕ್ಯಾಂಪಿನಲ್ಲಿ ತಿಂಗಳಿಗೊಮ್ಮೆ ಚೆಕಿಂಗ್ ನಡೆಯುತ್ತದೆ. ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಬಂದು ಮೇಜು ಹಾಕಿಸಿಕೊಂಡು ಕುಳಿತು, ಒಂದೊಂದೇ ಹೆಸರು ಕೂಗುತ್ತಾರೆ. ಹೆಸರಿನವರು ಎದುರಿಗೆ ಬಂದು ನಿಲ್ಲಬೇಕು. ನಿಲ್ಲದವರು ತಕ್ಕ ಕಾರಣ ಕೊಡದಿದ್ದರೆ ಅವರ ನೋಂದಣಿ ತೆಗೆದುಹಾಕಲು ಮೇಲಕ್ಕೆ ಬರೆಯುತ್ತಾರೆ. ನೋಂದಣಿ ಹೋದರೆ ರೇಷನ್ ಹೋಗುತ್ತದೆ, ವಾಸದ ಮನೆ ಹೋಗುತ್ತದೆ. ಅಕ್ಕನ ವಿಷಯದಲ್ಲಿ ಇನ್ನೂ ಒಂದಿತ್ತು. ಮಗಳು ಕಾಲೇಜಿಗೆ ಕೊಡಬೇಕಾದ ಪ್ರಮಾಣಪತ್ರ ತಾಯಿಯ ನೋಂದಣಿಯ ಮೇಲೆಯೇ ನಿಂತಿತ್ತು.

ಆ ತಿಂಗಳ ಚೆಕಿಂಗ್ ಒಂದು ಶನಿವಾರ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಕಾಯಿ ತುಂಬಿದ ವ್ಯಾನು ಬೆಳಿಗ್ಗೆಯೇ ಹೊಸೂರಿಗೆ ಹೋಗಬೇಕಾದ್ದರಿಂದ ಅಕ್ಕ ನಸುಕಿನಲ್ಲೇ ಬಂದಿದ್ದರು. ಕೆಲಸ ಮುಗಿಸಿ ಬಸ್ಸಿನಲ್ಲಿ ಹಿಂದಿರುಗುವುದು ಎಂದು ಮಾತಾಗಿತ್ತು. ನಾನು ಪಾಠವಿದ್ದುದರಿಂದ ಕ್ಯಾಂಪಿಗೆ ಹೊರಟೆ. ನಾನು ಹೋದ ಸ್ವಲ್ಪ ಹೊತ್ತಿಗೆ, ನಮ್ಮ ಮನೆಗೂ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ ಇರುವ ನೀಲಗಿರಿ ತೋಪಿನಲ್ಲಿ ಆನೆಗಳ ಗುಂಪೊಂದು ನಿಂತಿದೆಯೆಂದು ಅರಣ್ಯದ ವಾಚರ್ ಫೋನು ಮಾಡಿ ಹೇಳಿದರಂತೆ. ಅವ್ವ ತೋಟದ ಗೇಟಿಗೆ ಬೀಗ ಹಾಕಿದಳು.

ಅದು ನಮ್ಮ ಮನೆಯ ಪದ್ಧತಿ. ಆನೆ ಬಂದ ಸುದ್ದಿಯಾದರೆ, ಕೆಲಸಕ್ಕೆ ಬಂದ ಯಾರನ್ನೂ ವಾಚರ್ ಸ್ವತಃ ನಡೆದು ಗೇಟಿನವರೆಗೆ ಬಂದು ದಾರಿ ಸರಿಯಿದೆ ಎನ್ನುವ ತನಕ ಹೊರಗೆ ಬಿಡುವಂತಿಲ್ಲ. ಫೋನಿನಲ್ಲಿ ಹೇಳಿದರೆ ಸಾಲದು.

ನಾನು ಕ್ಯಾಂಪಿನಲ್ಲಿ ಅಕ್ಕನ ಮಗಳ ಪಕ್ಕದಲ್ಲಿ ನಿಂತಿದ್ದೆ. ಆನೆಗಳಿಗಾಗಿ ಮುಚ್ಚಿದ್ದ ರಸ್ತೆಯನ್ನು ತೆರೆದಿದ್ದಾರೆಂದು ಅರಣ್ಯ ಇಲಾಖೆಯಿಂದ ನನ್ನ ಮೊಬೈಲಿಗೆ ಸಂದೇಶ ಬಂದು ಬಹಳ ಹೊತ್ತಾಗಿತ್ತು. ಅಕ್ಕ ಬಂದಿರಲಿಲ್ಲ. ಮೇಜು ಬಂತು, ಕುರ್ಚಿ ಬಂತು. ಮನೆಗೆ ಫೋನು ಮಾಡಿದರೆ ಅವ್ವ, ವಾಚರ್ ಇನ್ನೂ ಬಂದಿಲ್ಲ, ಬಿಡುವುದಿಲ್ಲ ಎಂದಳು. ಚೆಕಿಂಗ್ ಶುರುವಾಗುತ್ತಿದೆ ಎಂದು ನಾನು ಬೇಡಿಕೊಂಡೆ.

"ಅವಳಿಲ್ದಿದ್ರೂ ಚೆಕಿಂಗ್ ನಡೀತದೆ ಕಣಪ್ಪ. ಅವಳು ಆನೆ ಮುಂದೆ ನಿಂತ್ರೆ ಏನ್ ನಡೀತದೆ?" ಎಂದು ಫೋನಿಟ್ಟಳು.

ಅಕ್ಕನ ಹೆಸರನ್ನು ಅಧಿಕಾರಿ ಮತ್ತೆ ಮತ್ತೆ ಕೂಗಿದರು. ಕೊನೆಗೆ ಮಗಳೇ ಮುಂದೆ ಹೋಗಿ, ಅಮ್ಮ ದಾರಿಯಲ್ಲಿದ್ದಾರೆ ಎಂದಳು. ಅವರು ಸಿಡುಕಲಿಲ್ಲ. ಸೋಮವಾರ ಕಚೇರಿಗೆ ಬಂದು ಕಾರಣ ಹೇಳಲಿ ಎಂದು ಮುಂದಿನ ಹೆಸರು ಕೂಗಿದರು. ಹುಡುಗಿ ಸಾಲಿಗೆ ಹಿಂದಿರುಗಿದಳು, ನನ್ನ ಮುಖ ನೋಡಲಿಲ್ಲ. ತಾಯಿಯನ್ನು ನಮ್ಮ ತೋಟಕ್ಕೆ ಕರೆದವನು ನಾನು ಎಂಬುದು ಅವಳಿಗೂ ಗೊತ್ತಿತ್ತು.

ಸಂಜೆ ಮನೆಗೆ ಬಂದಾಗ ತಿಳಿಯಿತು: ಗುಂಪು ಬೆಳಿಗ್ಗೆಯೇ ಕಾಡಿಗೆ ಮರಳಿತ್ತು. ವಾಚರನ್ನು ಬೇರೆ ಕಡೆಗೆ ಕಳಿಸಿದ್ದರಿಂದ ಅವರು ಗೇಟಿಗೆ ಬಂದದ್ದು ಚೆಕಿಂಗ್ ಮುಗಿದ ಮೇಲೆ. ಅಂದರೆ, ಅಕ್ಕ ಬರಬೇಕಾಗಿದ್ದ ಹೊತ್ತಿಗೆ ದಾರಿಯಲ್ಲಿ ಆನೆಯೇ ಇರಲಿಲ್ಲ. ರಸ್ತೆ ಯಾವಾಗ ತೆರೆಯಿತೆಂದು ಕಚೇರಿಯವರು ಒಂದು ಫೋನಿನಲ್ಲಿ ತಿಳಿದುಕೊಳ್ಳಬಹುದು. ಆನೆಗಳಿಂದಾಗಿ ಬರಲಾಗಲಿಲ್ಲ ಎಂದು ನಾನು ಎಷ್ಟು ಶುದ್ಧವಾಗಿ ಬರೆದರೂ ಅದು ನಿಲ್ಲುವಂತಿರಲಿಲ್ಲ.

ಬೀಗ ಹಾಕಿದ್ದು ತಾನೆಂದು ತಾನೇ ಬಂದು ಹೇಳುತ್ತೇನೆ ಎಂದಳು ಅವ್ವ. ಅಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕ್ಯಾಂಪಿನೋಳ್ನ ಮನೇಲಿ ಕೂಡಾಕಿದ್ದೋ ಅಂತ ನಾವೇ ಹೋಗಿ ಹೇಳಾದಾ? ನಾಳೆ ಇವನ ಕೆಲಸಕ್ಕೆ ಪೊಲೀಸ್ನೋರು ವಿಚಾರ್ಸಕ್ಕೆ ಬಂದ್ರೆ ಏನಂತೀಯಾ?"

ನಾನು ಆಗ ಒಂದು ಸರ್ಕಾರಿ ನೇಮಕಾತಿಯ ಪರೀಕ್ಷೆ ಪಾಸಾಗಿ ಆದೇಶಕ್ಕೆ ಕಾಯುತ್ತಿದ್ದೆ. ಅಪ್ಪನ ಭಯ ನನಗೂ ಇತ್ತು. ಅವ್ವ ಒಗೆದಿಟ್ಟಿದ್ದ ಸೀರೆಯನ್ನು ಮಡಿಸಿ ತಲೆದಿಂಬಿನ ಕೆಳಗೆ ಇಟ್ಟಳು.

ಸೋಮವಾರ ಕಚೇರಿಯ ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟಳು. ಬೇಡವೆಂದು ನಾನು ಹೇಳುವಷ್ಟರಲ್ಲಿ ಬರಿಗಾಲಿನಲ್ಲಿ ಒಳಗೆ ನಡೆದಿದ್ದಳು. ಅಕ್ಕ ಮೊದಲೇ ಬಂದು ಮೇಜಿನ ಮುಂದೆ ನಿಂತಿದ್ದರು. ಮಾತೆಲ್ಲ ತಮಿಳಿನಲ್ಲಿ ನಡೆಯಿತು. ಅವ್ವನದು ಅರ್ಧ ತಮಿಳು, ಅರ್ಧ ನಮ್ಮ ಮಾತು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ರಸ್ತೆ ತೆರೆದಿತ್ತು, ಅನಂತರ ಬಸ್ಸೂ ಹೋಗಿದೆ, ಏಕೆ ಬರಲಿಲ್ಲವೆಂದು ಅಧಿಕಾರಿ ಕೇಳಿದರು. ಅಕ್ಕ ನನ್ನನ್ನೂ ಅವ್ವನನ್ನೂ ಒಮ್ಮೆ ನೋಡಿ, ತಲೆ ತಗ್ಗಿಸಿ ಹೇಳಿದರು:

"ನಾನೇ ಹೆದರಿ ಉಳಿದುಕೊಂಡೆ ಐಯಾ. ನನ್ನನ್ನು ಯಾರೂ ತಡೆಯಲಿಲ್ಲ."

ಹಾಗಾದರೆ ಬರೆಯುವುದಕ್ಕೆ ಬೇರೆ ಕಾರಣವೇ ಇಲ್ಲ ಎಂದು ಅವರು ಪೆನ್ನು ತೆಗೆದುಕೊಂಡರು. ಅಕ್ಕ ನಮ್ಮ ಮನೆಯನ್ನು ಉಳಿಸಲು ತಮ್ಮ ಮನೆಯನ್ನು ಬಿಡುತ್ತಿದ್ದರು, ಮಗಳ ಸೀಟನ್ನೂ. ಅವರ ಮಾತು ಸುಳ್ಳೆಂದು ನಾನು ಹೇಳಿದರೆ ಹೆತ್ತ ತಾಯಿಯ ಮೇಲೆ ದೂರು ಹೇಳಿದಂತಾಗುತ್ತಿತ್ತು. ಬರೆದುಕೊಂಡು ಬಂದಿದ್ದ ಅರ್ಜಿಯನ್ನು ನಾನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ.

"ಬೀಗ ಹಾಕಿದ್ದು ನಾನು ಸಾರ್," ಎಂದಳು ಅವ್ವ. "ಇವಳು ಮೂರ್ ಸಲ ಬಂದು ಕೇಳಿದ್ಲು. ನಾ ಬೀಗದ ಕೈ ಕೊಡ್ಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಒಬ್ಬರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಕೂಡಿಹಾಕುವುದು ಅಪರಾಧ, ಇದನ್ನು ಬರೆಸಿಕೊಂಡರೆ ಮುಂದೆ ಕೇಸಾಗಲೂಬಹುದು, ಗೊತ್ತಿದೆಯೇ ಎಂದು ನಿಧಾನವಾಗಿ ಕೇಳಿದರು. ಅಕ್ಕ, ಬೇಡಮ್ಮಾ, ಬೇಡ ಎಂದು ಅವ್ವನ ತೋಳು ಹಿಡಿದರು. ಅವ್ವ ಆ ಕೈಯನ್ನು ಬಿಡಿಸಿಕೊಳ್ಳದೆಯೇ ಮಾತನಾಡಿದಳು.

"ಇವನು ಚಿಕ್ಕೋನಿದ್ದಾಗ ತೋಟಕ್ಕೆ ಒಬ್ಬಳು ಬತ್ತಿದ್ಲು. ರಸ್ತೆ ತೆಗ್ದವ್ರೆ, ಹೋಗಮ್ಮಿ, ಮಗು ಕಾಯ್ತಿರ್ತದೆ ಅಂತ ನಾನೇ ಕಳಿಸ್ದೆ. ಬಸ್ ಹತ್ರಕ್ಕೆ ಅವಳು ಹೋಗ್ಲೇ ಇಲ್ಲ. ಆವತ್ತಿಂದ ಬೀಗ ಹಾಕ್ತೀನಿ. ಕೇಸ್ ಹಾಕಾದಿದ್ರೆ ನನ್ ಮೇಲೆ ಹಾಕ್ಕಳಿ."

ಆ ಹೆಂಗಸಿನ ವಿಷಯ ನನಗೆ ಅಂದಿನವರೆಗೂ ತಿಳಿದಿರಲಿಲ್ಲ. ಗೇಟಿನ ಪದ್ಧತಿ ಅಜ್ಜನ ಕಾಲದ್ದೆಂದೇ ನಾನು ನಂಬಿದ್ದೆ.

ಅಧಿಕಾರಿ ಒಂದು ಬಿಳಿ ಹಾಳೆಯನ್ನು ನನ್ನ ಕಡೆಗೆ ತಳ್ಳಿ, ತಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆದು ಓದಿ ಹೇಳು, ಒಪ್ಪಿದರೆ ಹೆಬ್ಬೆಟ್ಟು ಹಾಕಲಿ ಎಂದರು. ತೀರ್ಮಾನ ಮೇಲಿನವರದು ಎಂದೂ ಸೇರಿಸಿದರು. ಗೇಟು ಮುಚ್ಚಿತ್ತು ಎಂದು ಬರೆದು ನಾನು ನಿಲ್ಲಿಸಿದೆ. ಓದಿದಾಗ ಅವ್ವ ತಲೆಯಾಡಿಸಿದಳು.

"ಮುಚ್ಚಿತ್ತು ಅಂತಲ್ಲ ಕಣಪ್ಪ. ನಾನು ಬೀಗ ಹಾಕ್ದೆ ಅಂತ ಬರಿ."

ಹಾಗೆಯೇ ಬರೆದೆ. ಹೊರಗೆ ಬಂದಾಗ ಅಪ್ಪ ಮೊಪೆಡ್ ನಿಲ್ಲಿಸಿಕೊಂಡು ಬೇವಿನ ನೆರಳಿನಲ್ಲಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಅವ್ವನ ಹೆಬ್ಬೆರಳಿನ ಮಸಿ ನೋಡಿ, "ಹಾಕೇ ಬಿಟ್ಟಾ?" ಎಂದಷ್ಟೇ ಕೇಳಿ ಗಾಡಿ ಹತ್ತಿಸಿಕೊಂಡರು.

ಮುಂದಿನ ಚೆಕಿಂಗ್‌ವರೆಗೆ ಯಾವ ಉತ್ತರವೂ ಬರಲಿಲ್ಲ. ನಮ್ಮ ಮನೆಯ ಮುಂದೆ ಜೀಪಿನ ಸದ್ದಾದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದರು. ಚೆಕಿಂಗ್ ದಿನ ಅಕ್ಕ ಎಲ್ಲರಿಗಿಂತ ಮೊದಲೇ ಬಂದು ಸಾಲಿನಲ್ಲಿ ನಿಂತರು. ಹೆಸರು ತೆಗೆದುಹಾಕಿದ್ದರೆ ಕೂಗುವುದೇ ಇಲ್ಲ. ಪಕ್ಕದ ಮನೆಯ ಹೆಸರಾದ ಮೇಲೆ ನೇರವಾಗಿ ಮುಂದಿನ ಮನೆಗೆ ಹೋಗಿಬಿಡುತ್ತಾರೆ. ಪಕ್ಕದ ಮನೆಯವರ ಹೆಸರಾಯಿತು. ಅಧಿಕಾರಿ ಹಾಳೆ ತಿರುವಿದರು. ಮಗಳು ತಾಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅಕ್ಕನ ಹೆಸರು ಕೂಗಿದರು.

ಅನಂತರ ಆದ ಬದಲಾವಣೆಗಳು ಇಷ್ಟು. ಅಕ್ಕನ ನೋಂದಣಿ ಉಳಿಯಿತು. ಮಗಳು ಪ್ರಮಾಣಪತ್ರ ಪಡೆದು ಕಾಲೇಜಿಗೆ ಸೇರಿದಳು, ಈಗ ಹಾಸ್ಟೆಲಿನಲ್ಲಿದ್ದಾಳೆ. ಅವ್ವನ ಮೇಲೆ ಕೇಸಾಗಲಿಲ್ಲ, ಆದರೆ ಯಾರನ್ನೂ ಕೂಡಿಹಾಕಬಾರದೆಂದು ಎಚ್ಚರಿಕೆ ಕೊಟ್ಟರು. ನನ್ನ ನೇಮಕಾತಿಯ ಆದೇಶ ಇನ್ನೂ ಬಂದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ತಿಳಿಯದು. ಚೆಕಿಂಗ್ ಇರುವ ದಿನ ನಮ್ಮ ತೋಟಕ್ಕೆ ಕ್ಯಾಂಪಿನವರನ್ನು ಕರೆಯುವುದಿಲ್ಲ. ಗೇಟಿಗೆ ಈಗ ಬೀಗವಿಲ್ಲ, ಚಿಲಕ ಮಾತ್ರ ಇದೆ. ಆನೆಯ ಸುದ್ದಿ ಬಂದರೆ ಅಪ್ಪನೇ ಹೋಗಿ ವಾಚರನ್ನು ಮೊಪೆಡ್‌ನಲ್ಲಿ ಕೂರಿಸಿಕೊಂಡು ಗೇಟಿಗೆ ಕರೆತರುತ್ತಾರೆ.